ಲೆನ್ಸಿಗೆ ಅಡ್ಡ ಹಿಡಿದ ಕೈ

ಓರಿನ್ ಪೆಲ್ಜರ್ ತೀರಿಕೊಂಡ ಮರುದಿನ ಲಾಸ್ ಏಂಜಲೀಸಿನ ಪತ್ರಿಕೆಯೊಂದರ ಒಳಪುಟದಲ್ಲಿ ಸಣ್ಣದೊಂದು ಸುದ್ದಿ ಬಂತು. ಲೇಖಕ, ನಿರ್ಮಾಪಕ, ನಿರ್ದೇಶಕ ಎಂದು ಮೂರೂ ಪದವಿಗಳನ್ನು ಕೊಟ್ಟಿದ್ದರು. ಕೆಳಗೆ ಅವನ ಚಿತ್ರಗಳೆಂದು ಕೆಲವು ಹೆಸರು. ಅದರಲ್ಲಿ ಎರಡು ಅವನವಲ್ಲ. ಅವನು ನಿಜವಾಗಿ ಬೆವರು ಸುರಿಸಿದ ಚಿತ್ರಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಅವನ ಹೆಸರೇ ಇಲ್ಲ, ಆದ್ದರಿಂದ ಪತ್ರಿಕೆಯವರನ್ನು ದೂರುವಂತೆಯೂ ಇಲ್ಲ. ಓರಿನ್ ಇದ್ದಿದ್ದರೆ ಆ ಸುದ್ದಿ ಓದಿ, ಕನ್ನಡಕವನ್ನು ಹಣೆಗೆ ಏರಿಸಿಕೊಂಡು, "ಇದನ್ನೂ ಯಾರೋ ತಿದ್ದಿದಾರೆ ನೋಡು" ಎನ್ನುತ್ತಿದ್ದ. ಹಾಗೆನ್ನುವವನು ಈಗಿಲ್ಲ. ಅವನನ್ನು ಬಲ್ಲವರೂ ಒಬ್ಬೊಬ್ಬರಾಗಿ ಕರಗುತ್ತಿದ್ದಾರೆ. ಅವನು ಹೇಗೆ ಬದುಕಿದ ಎನ್ನುವುದನ್ನು ಈಗಲೇ ಬರೆದಿಡದಿದ್ದರೆ ಆ ನಾಲ್ಕು ಸಾಲೇ ಉಳಿಯುತ್ತದೆ.

ಚಿತ್ರಗಳಿಗೆ ಮಾತು ಬಂದ ಹೊಸತರಲ್ಲಿ ಸ್ಟುಡಿಯೋಗಳಿಗೆ ಮಾತು ಬರೆಯುವವರು ಬೇಕಾಗಿದ್ದರು. ನಾಟಕದವರು, ಪತ್ರಿಕೆಯವರು, ರಾಜಕಾರಣಿಗಳಿಗೆ ಭಾಷಣ ಬರೆದುಕೊಡುವವರು, ಯಾರು ಸಿಕ್ಕರೂ ರೈಲು ಹತ್ತಿಸಿ ಕರೆಸಿಕೊಳ್ಳುತ್ತಿದ್ದರು. ಓಹಾಯೋದ ಟೊಲೀಡೊ ಊರಿನಲ್ಲಿ ಪೊಲೀಸ್ ಕೋರ್ಟಿನ ವರದಿ ಬರೆಯುತ್ತಿದ್ದ ಓರಿನ್ ಹಾಗೆ ಬಂದು ಇಳಿದವನು. ಲೇಖಕರ ಕಟ್ಟಡ ಎಂದು ಕರೆಯುತ್ತಿದ್ದ ಉದ್ದನೆಯ ಷೆಡ್ಡಿನಲ್ಲಿ ಅವನಿಗೊಂದು ಕೋಣೆ, ಒಂದು ಟೈಪ್‌ರೈಟರ್, ಹಿಂದೆ ಯಾರೋ ಬಿಟ್ಟುಹೋದ ಕೊಡೆ. ಒಂದೇ ಕಥೆಯನ್ನು ನಾಲ್ಕು ಕೋಣೆಗಳಲ್ಲಿ ನಾಲ್ವರಿಗೆ ಕೊಟ್ಟು, ಒಬ್ಬರಿಗೊಬ್ಬರು ಗೊತ್ತಾಗದಂತೆ ಬರೆಸುವುದು ಅಲ್ಲಿಯ ಪದ್ಧತಿ. ಗುಟ್ಟು ಒಡೆಯುತ್ತಿದ್ದದ್ದು ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಕೋಳಿ ಸೂಪು ಕುಡಿಯುವಾಗ.

"ನನ್ನ ನಾಯಕಿಗೆ ಕಣ್ಣು ಹೋಗಿದೆ, ಮುಂದೆ ಏನ್ ಮಾಡ್ಲಿ ಅಂತ ಗೊತ್ತಾಗ್ತಿಲ್ಲ" ಎಂದು ಓರಿನ್ ಗೊಣಗಿದರೆ, ಎದುರಿಗೆ ಕೂತವನು ಚಮಚ ಕೆಳಗಿಟ್ಟು, "ಅಯ್ಯೋ, ನಿನ್ನವಳಿಗೂ ಹೋಯ್ತಾ?" ಎನ್ನುತ್ತಿದ್ದ.

ಓರಿನ್ ಅಂಥ ದೊಡ್ಡ ಬರಹಗಾರನೇನಲ್ಲ. ಅದು ಅವನಿಗೂ ಗೊತ್ತಿತ್ತು. ಆದರೆ ಕೆಟ್ಟುಹೋದದ್ದನ್ನು ನೆಟ್ಟಗೆ ಮಾಡುವುದರಲ್ಲಿ ಅವನ ಕೈ ಎಲ್ಲರಿಗಿಂತ ಚುರುಕು. ಆಗ ಚಿತ್ರ ಮುಗಿದ ಕೂಡಲೇ ಅದನ್ನು ಸದ್ದಿಲ್ಲದೆ ಯಾವುದಾದರೂ ಸಣ್ಣ ಊರಿಗೆ ಒಯ್ದು, ಬೇರೆ ಚಿತ್ರ ನೋಡಲು ಬಂದ ಜನಕ್ಕೆ ತೋರಿಸುತ್ತಿದ್ದರು. ಸ್ಟುಡಿಯೋದವರು ಹಿಂದಿನ ಸಾಲಿನಲ್ಲಿ ಕೂತು ಪರದೆ ನೋಡುವುದು ಬಿಟ್ಟು ಜನರ ತಲೆಗಳನ್ನು ನೋಡುತ್ತಿದ್ದರು. ಎಲ್ಲಿ ಕೆಮ್ಮಿದರು, ಎಲ್ಲಿ ಎದ್ದುಹೋದರು, ಮುಖ್ಯವಾಗಿ, ನಗಬಾರದ ಕಡೆ ಎಲ್ಲಿ ನಕ್ಕರು. ಹಾಗೆ ನಕ್ಕರೆ ಮರುದಿನ ಬೆಳಗ್ಗೆ ಓರಿನ್ ಪೆಲ್ಜರ್‌ಗೆ ಕರೆ. ಎರಡು ಪುಟ ಹೊಸದಾಗಿ ಬರೆ, ಅದೇ ನಟರನ್ನು ಹಿಡಿದು ತಾ, ಅದೇ ಬಟ್ಟೆ ತೊಡಿಸು, ನಾಳೆ ಮಧ್ಯಾಹ್ನದೊಳಗೆ ಚಿತ್ರೀಕರಿಸು. ಮೂಲ ನಿರ್ದೇಶಕನನ್ನು ಈ ಕೆಲಸಕ್ಕೆ ಕರೆಯುವಂತಿರಲಿಲ್ಲ. ಸ್ಟುಡಿಯೋದ ಯಜಮಾನ ಜೂಲ್ಸ್ ಕ್ರೆಸ್ಲರ್ ಅದಕ್ಕೆ ಕಾರಣ ಹೇಳುತ್ತಿದ್ದ: "ಹೆತ್ತವನ ಕೈಗೆ ಕತ್ರಿ ಕೊಟ್ರೆ ಅವನು ಉಗುರು ಕತ್ತರಿಸಿ ಕಳಿಸ್ತಾನೆ. ನನಗೆ ಕಾಲು ತೆಗೆಯೋನು ಬೇಕು."

ಕಾಲು ತೆಗೆಯುವುದಕ್ಕೆ ಓರಿನ್ನನದೊಂದು ಉಪಾಯವಿತ್ತು. ಎಲ್ಲಿ ದೃಶ್ಯ ಎಳೆಯುತ್ತದೆಯೋ ಅಲ್ಲಿ ಯಾರದಾದರೂ ಒಂದು ಮುಖವನ್ನು ಹತ್ತಿರದಿಂದ ತೋರಿಸುವುದು. ಮುಖ ಬಂದಾಗ ಜನ ಅದನ್ನೇ ನೋಡುತ್ತಾರೆ. ಆ ಹೊತ್ತಿನಲ್ಲಿ ಹಿಂದಿನದನ್ನೂ ಮುಂದಿನದನ್ನೂ ಎಷ್ಟು ಬೇಕಾದರೂ ಕತ್ತರಿಸಿ ಅಂಟಿಸಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಹಂಗೇರಿಯಿಂದ ಬಂದ ಒಬ್ಬ ಹಿರಿಯ ನಿರ್ದೇಶಕ ಕ್ಯಾಂಟೀನಿನಲ್ಲಿ ಅವನನ್ನು ತಡೆದು ನಿಲ್ಲಿಸಿದ.

"ಪೆಲ್ಜರ್, ನನ್ನ ಸಿನಿಮಾದಲ್ಲಿ ಕಿಟಕಿ ಹತ್ರ ಒಬ್ಳು ಹುಡುಗಿ ಅಳ್ತಾ ನಿಂತಿದಾಳಲ್ಲ, ಯಾರಪ್ಪಾ ಅವ್ಳು? ನಾನಂತೂ ಅವ್ಳನ್ನ ನೋಡೇ ಇಲ್ಲ."

"ಚೆನ್ನಾಗಿ ಅಳ್ತಾಳೆ, ಅಲ್ವಾ ಸರ್?"

"ತುಂಬಾ ಚೆನ್ನಾಗಿ. ಅವ್ಳು ಅಳೋಕೆ ಶುರು ಮಾಡಿದ ಜಾಗದಲ್ಲೇ ನನ್ನ ಸಿನಿಮಾ ಸತ್ತಿದ್ದು. ಅದಕ್ಕೇ ಅಳ್ತಿದಾಳೇನೋ ಅಂದ್ಕೊಂಡೆ."

ಓರಿನ್ ನಕ್ಕ. ಆ ಮಾತು ಹೊಟ್ಟೆಯಲ್ಲಿ ಉಳಿಯಿತು. ಅವನ ಹೊಟ್ಟೆಯಲ್ಲಿ ಆಗಲೇ ಹುಣ್ಣಾಗಿತ್ತು.

ಕೆಲವು ವರ್ಷಗಳ ಮೇಲೆ ಅವನನ್ನು ನಿರ್ಮಾಪಕ ಮಾಡಿದರು. ದೊಡ್ಡ ಚಿತ್ರದ ಜೊತೆ ಅದೇ ಟಿಕೆಟ್ಟಿಗೆ ತೋರಿಸುವ ಚಿಕ್ಕ ಚಿತ್ರಗಳು ಅವನ ಪಾಲಿಗೆ ಬಂದವು. ಮುಗಿದ ಚಿತ್ರಗಳ ಸೆಟ್ಟುಗಳನ್ನು ಕೆಡವುವ ಮೊದಲು ಅವುಗಳ ಮುಂದೆ ಇನ್ನೊಂದು ಕಥೆ ಮಾಡಿ ಮುಗಿಸಬೇಕು. ಒಂದೇ ಮೆಟ್ಟಿಲ ಮೇಲಿಂದ ಅವನು ಎಷ್ಟು ಜನರನ್ನು ಉರುಳಿಸಿದನೋ ಅವನಿಗೇ ಮರೆತುಹೋಗಿತ್ತು. ನಿರ್ದೇಶಕರು ಜ್ವರ ಬಂದು ಮಲಗಿದಾಗ ತಾನೇ ನಿರ್ದೇಶಿಸಿದ. ಹಾಗೆ ಮೂರನೆಯ ಪದವಿಯೂ ಬಂತು. ಮದುವೆ ಒಂದಾಗಿತ್ತು, ಅದು ಮುರಿದುಹೋದದ್ದನ್ನು ಅವನು ಗಮನಿಸುವುದಕ್ಕೇ ಸ್ವಲ್ಪ ಕಾಲ ಹಿಡಿಯಿತಂತೆ. ಯುದ್ಧ ಬಂತು, ಹೋಯಿತು. ಬೆಳಗ್ಗೆ ಏಳುವಾಗಲೇ ಸುಸ್ತು ಎನ್ನುವ ವಯಸ್ಸಿಗೆ ಅವನು ಬಂದಿದ್ದ.

ಆ ವಯಸ್ಸಿನಲ್ಲಿ ಅವನು ಕ್ರೆಸ್ಲರನ ಬಳಿ ಮೊದಲ ಸಲ ಏನನ್ನೋ ಕೇಳಿದ. ತನ್ನದೇ ಕಥೆ, ತಾನೇ ಬರೆದು, ತಾನೇ ನಿರ್ಮಿಸಿ, ತಾನೇ ನಿರ್ದೇಶಿಸುವ ಒಂದು ಚಿತ್ರ. ಟೊಲೀಡೊದ ಒಬ್ಬ ಟ್ರಾಮ್ ಡ್ರೈವರನ ಕಥೆ. ಓರಿನ್ನನ ಅಪ್ಪ ಟ್ರಾಮ್ ಓಡಿಸುತ್ತಿದ್ದವನು.

"ಕೊಲೆ ಇದೆಯಾ?" ಕ್ರೆಸ್ಲರ್ ಕೇಳಿದ.

"ಇಲ್ಲ ಸರ್."

"ಹಾಡು?"

"ಇಲ್ಲ."

"ಟ್ರಾಮಾದ್ರೂ ಯಾರಿಗಾದ್ರೂ ಗುದ್ದತ್ತಾ?"

"ಇಲ್ಲ ಸರ್. ಕೆಲ್ಸ ಹೋಗತ್ತೆ, ಮನೆಗೆ ಬರ್ತಾನೆ."

ಕ್ರೆಸ್ಲರ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಕೆಟ್ಟ ಮನುಷ್ಯನಲ್ಲ ಅವನು. "ಇಷ್ಟು ವರ್ಷ ನನಗೆ ಇಲ್ಲ ಅಂತ ಹೇಳಿದೋನಲ್ಲ ನೀನು, ಇವತ್ತು ಒಂದೇ ಉಸಿರಲ್ಲಿ ಎಷ್ಟು ಸಲ ಹೇಳ್ದೆ. ಮಾಡು ಹೋಗು. ವೆಂಡೆಲ್ ಟ್ರಿಪ್ ಸುಮ್ನೆ ಕೂತು ಸಂಬಳ ತಗೋತಿದಾನೆ, ಅವನನ್ನೇ ಹಾಕ್ಕೋ."

ವೆಂಡೆಲ್ ಟ್ರಿಪ್ ಹಳೆಯ ಹಾಸ್ಯನಟ. ಮೂಕಿ ಚಿತ್ರಗಳ ಕಾಲದಿಂದ ಅವನದೊಂದೇ ವರಸೆ: ಹ್ಯಾಟು ತೆಗೆಯುವುದು, ಏನೋ ಕಳೆದುಹೋದವನಂತೆ ಅದರೊಳಗೆ ಇಣುಕುವುದು. ಅಷ್ಟಕ್ಕೇ ದೇಶವೆಲ್ಲ ನಗುತ್ತಿತ್ತು. ಈಗ ಮುಪ್ಪಾಗಿದ್ದ. ಮೀಸೆ ಬೋಳಿಸಿ ಟ್ರಾಮಿನ ಸಮವಸ್ತ್ರ ತೊಡಿಸಿದಾಗ ಓರಿನ್ ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ತೋಳುಗಳು ಇಳಿಬಿದ್ದ ಆ ನಿಲುವು ಅಪ್ಪನದೇ.

ಆ ಚಿತ್ರವನ್ನು ಓರಿನ್ ಮಾಡಿದ್ದು ಒಂದು ದೃಶ್ಯಕ್ಕಾಗಿ. ಅವನು ಶಾಲೆ ಮುಗಿಸಿದ ವರ್ಷ, ಕಂಪನಿಯವರು ಜನ ಕಡಿಮೆ ಮಾಡಿದಾಗ, ಅಪ್ಪನ ಕೆಲಸ ಹೋಗಿತ್ತು. ಕೆಲಸ ಬಿಡುವ ಡ್ರೈವರು ಟೋಪಿಯ ಮುಂದಿನ ಹಿತ್ತಾಳೆ ಬಿಲ್ಲೆಯನ್ನು ಕಿತ್ತು ಡಿಪೋದಲ್ಲಿ ಒಪ್ಪಿಸಿ ಬರಬೇಕು. ಅಂದು ಸಂಜೆ ಅಪ್ಪ ಅಡುಗೆಮನೆಗೆ ಬಂದು ಟೋಪಿಯನ್ನು ಮೇಜಿನ ಮೇಲಿಟ್ಟ. ಬಿಲ್ಲೆ ಇದ್ದ ಜಾಗದಲ್ಲಿ ಬಟ್ಟೆ ಮಾತ್ರ ಕಪ್ಪಗೆ ಹೊಸದಾಗಿ ಕಾಣುತ್ತಿತ್ತು. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಅಮ್ಮ ಅದನ್ನು ನೋಡಿದಳು. ಏನೂ ಕೇಳಲಿಲ್ಲ. ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು. ಅಪ್ಪ ಕೂತು ಷೂ ದಾರ ಬಿಚ್ಚಿದ. ಪಕ್ಕದ ಕೋಣೆಯಲ್ಲಿದ್ದ ಓರಿನ್ ಇದನ್ನು ಕಂಡವನು, ಕಂಡೆ ಎಂದು ಯಾರಿಗೂ ಹೇಳಲಿಲ್ಲ. ಅಪ್ಪ ಸತ್ತು ಬಹಳ ಕಾಲವಾಗಿತ್ತು. ಅಮ್ಮ ಹುಲ್ಡಾ ಟೊಲೀಡೊದಲ್ಲೇ ಮಗಳ ಸಂಸಾರದ ಜೊತೆ ಇದ್ದಳು. ವಾರಕ್ಕೊಂದು ಸಿನಿಮಾ ತಪ್ಪಿಸದವಳು, ಮಗನ ಹೆಸರು ಬರುತ್ತದೋ ಎಂದು ಕಾಯುವವಳು. ಅವಳು ಥಿಯೇಟರಿನಲ್ಲಿ ಕೂತು ತನ್ನ ಅಡುಗೆಮನೆಯನ್ನು ನೋಡಬೇಕು, ಮಗ ಅಂದು ಅದನ್ನು ಕಂಡಿದ್ದನೆಂದು ಅವಳಿಗೆ ತಿಳಿಯಬೇಕು. ಅಷ್ಟೇ ಅವನ ಆಸೆ.

"ಅಮ್ಮಾ, ಅಡುಗೆಮನೆ ಬರತ್ತೆ. ಅದನ್ನ ಸರಿಯಾಗಿ ನೋಡು" ಎಂದು ಫೋನಿನಲ್ಲಿ ಹೇಳಿದ್ದ.

"ಯಾವ ಅಡುಗೆಮನೆ?"

"ನೋಡು, ಗೊತ್ತಾಗತ್ತೆ."

ಆ ದೃಶ್ಯವನ್ನು ಸ್ಟುಡಿಯೋದಲ್ಲಿ ಯಾರು ಹೇಗೆ ಕೆಡಿಸುತ್ತಾರೆಂದು ಓರಿನ್ನನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಮಾತಿಲ್ಲ, ಸಂಗೀತವಿಲ್ಲ, ಉದ್ದವಾಯಿತು ಎನ್ನುತ್ತಾರೆ. ಹೆಂಡತಿಯ ಮುಖದ ಒಂದು ಕ್ಲೋಸಪ್ ಸಿಕ್ಕರೆ ಸಾಕು, ಅದನ್ನು ನಡುವೆ ತುರುಕಿ ಎರಡೂ ಕಡೆ ಕತ್ತರಿಸುತ್ತಾರೆ. ಆದ್ದರಿಂದ ಕ್ಲೋಸಪ್ಪೇ ಇರಬಾರದು. ಇಡೀ ದೃಶ್ಯವನ್ನು ದೂರದಿಂದ ಒಂದೇ ಶಾಟಿನಲ್ಲಿ ತೆಗೆಯಬೇಕು. ಮುಗಿದ ಮೇಲೆ ಒಂದು ಚೂರು ಫಿಲ್ಮೂ ಹೆಚ್ಚಿಗೆ ಓಡಬಾರದು. ಇಟ್ಟರೆ ಪೂರ್ತಿ ಇಡಬೇಕು, ತೆಗೆದರೆ ಪೂರ್ತಿ ತೆಗೆಯಬೇಕು. ಪೂರ್ತಿ ತೆಗೆಯುವ ಧೈರ್ಯ ಯಾರಿಗೂ ಬರುವುದಿಲ್ಲವೆಂದು ಅವನ ಲೆಕ್ಕ.

ಹೆಂಡತಿಯ ಪಾತ್ರಕ್ಕೆ ನ್ಯೂಯಾರ್ಕಿನ ರಂಗಭೂಮಿಯಿಂದ ಅಗಾಥಾ ಲೂಮಿಸ್ ಎಂಬಾಕೆಯನ್ನು ಕರೆಸಿದ್ದರು. ಕ್ಯಾಮೆರಾದವನು ಅಭ್ಯಾಸದಂತೆ ಕೇಳಿದ: "ಲೈಟ್ ಹೆಂಗೂ ಇದೆ ಓರಿನ್, ಆಯಮ್ಮನ ಮುಖಕ್ಕೆ ಒಂದು ಕ್ಲೋಸಪ್ ತಗೊಂಡ್ಬಿಡೋಣ."

"ಬೇಡ."

"ಒಂದೇ ಒಂದು. ಇರ್ಲಿ ಅಂತ."

"ಇದ್ರೆ ಹಾಕೇ ಹಾಕ್ತಾರೆ. ನಾನಾಗಿದ್ರೂ ಹಾಕ್ತಿದ್ದೆ."

ಟ್ರಿಪ್ ಬಂದ, ಟೋಪಿ ತೆಗೆದ, ಒಳಗೆ ನೋಡಿದ, ಮೇಜಿನ ಮೇಲಿಟ್ಟ. ಬೆನ್ನು ಅರ್ಧ ತಿರುಗಿಸಿಕೊಂಡಿದ್ದ ಅಗಾಥಾ ಆಲೂಗಡ್ಡೆಯಿಂದ ಕಣ್ಣೆತ್ತಿದಳು, ಇಳಿಸಿದಳು. ಅವನು ಷೂ ದಾರಕ್ಕೆ ಬಾಗಿದ. ದಾರ ಬಿಚ್ಚಿದ ಕೂಡಲೇ ಓರಿನ್ ಕುರ್ಚಿಯಿಂದ ಎದ್ದು ಕ್ಯಾಮೆರಾದ ಲೆನ್ಸಿಗೆ ಅಂಗೈ ಅಡ್ಡ ಹಿಡಿದ. ಬರೀ "ಕಟ್" ಎಂದರೆ ಕ್ಯಾಮೆರಾ ಇನ್ನೊಂದು ಗಳಿಗೆ ಓಡುತ್ತದೆ, ಆ ಗಳಿಗೆಯನ್ನು ಕದಿಯುವವರಿದ್ದಾರೆ. ಅವನೇ ಎಷ್ಟೋ ಸಲ ಕದ್ದಿದ್ದ.

ಅಗಾಥಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನ್ರೀ ಇದು, ನಾನು ಮುಖ ತಿರುಗಿಸೋ ಹೊತ್ತಿಗೆ ಸರಿಯಾಗಿ ಕೈ ಅಡ್ಡ ಹಿಡೀತೀರಿ? ಅಷ್ಟೊಂದು ಕೆಟ್ಟದಾಗಿದೀನಾ?"

"ನಿಮ್ಮನ್ನ ಕಳ್ಳರಿಂದ ಕಾಪಾಡ್ತಾ ಇದೀನಿ."

"ಯಾರು ಕಳ್ಳರು?"

"ನಾನೇ" ಎಂದ ಓರಿನ್.

ಆ ದೃಶ್ಯವನ್ನು ಮೊದಲು ನೋಡಿದವಳು ವರ್ನಾ ಸ್ಟ್ರಾಡ್ಲಿ. ಆ ಸ್ಟುಡಿಯೋದ ಎಡಿಟರ್. ಮೂಕಿ ಕಾಲದಲ್ಲಿ ಫಿಲ್ಮ್ ಅಂಟಿಸುವ ಕೆಲಸಕ್ಕೆ ಸೇರಿ, ಓರಿನ್ ರಿಪೇರಿ ಮಾಡಿದ ಚಿತ್ರಗಳನ್ನೆಲ್ಲ ಅವನ ಪಕ್ಕದಲ್ಲಿ ಕೂತು ಜೋಡಿಸಿದವಳು. ಅವನ ಉಸಿರಿನ ಸದ್ದಿನಿಂದಲೇ ಯಾವ ಶಾಟು ಇಷ್ಟವಾಗಿಲ್ಲವೆಂದು ತಿಳಿಯುವವಳು.

"ಚೆನ್ನಾಗಿದೆ ಕಣೋ" ಎಂದಳು. ಸುರುಳಿಯನ್ನು ಕೆಳಗಿಟ್ಟು, "ಆದ್ರೆ ಇದಕ್ಕೆ ನಾನು ಯಾಕೆ ಬೇಕು? ಕತ್ತರಿಸೋಕೆ ಏನೂ ಇಟ್ಟಿಲ್ವಲ್ಲ."

"ಅದೇ ಬೇಕಾಗಿದ್ದಿದ್ದು."

"ಏನಾದ್ರೂ ತಪ್ಪಾದ್ರೆ?"

"ಏನ್ ತಪ್ಪಾಗತ್ತೆ?"

"ಅದು ಮೊದ್ಲೇ ಗೊತ್ತಿದ್ರೆ ತಪ್ಪು ಅಂತ ಯಾಕೆ ಕರೀತಿದ್ರು ಮಾರಾಯ?"

ಚಿತ್ರವನ್ನು ರಿವರ್‌ಸೈಡ್ ಎಂಬ ಸಣ್ಣ ಊರಿನ ಒಂದು ಥಿಯೇಟರಿಗೆ ಒಯ್ದರು. ಕಿತ್ತಳೆ ತೋಟಗಳಲ್ಲಿ ಕೆಲಸ ಮಾಡುವವರು, ಅಂಗಡಿಯವರು, ಹೆಂಗಸರು ತುಂಬಿದ್ದರು. ಹಿಂದಿನ ಸಾಲಿನಲ್ಲಿ ಕ್ರೆಸ್ಲರ್, ಅವನ ಪಕ್ಕದಲ್ಲಿ ಓರಿನ್, ಅಂಚಿನಲ್ಲಿ ವರ್ನಾ. ಮೊದಲರ್ಧ ಜನ ಕೆಮ್ಮಲೂ ಇಲ್ಲ. ಕ್ರೆಸ್ಲರ್ ಓರಿನ್ನನ ಮೊಣಕಾಲಿಗೆ ಒಮ್ಮೆ ತಟ್ಟಿದ.

ಅಡುಗೆಮನೆ ಬಂತು. ಟ್ರಿಪ್ ಒಳಗೆ ಬಂದ. ಟೋಪಿ ತೆಗೆದ. ಒಳಗೆ ನೋಡಿದ.

ಮುಂದೆ ಎಲ್ಲೋ ಒಬ್ಬ ಗಂಡಸು ಕಿಸಕ್ಕನೆ ನಕ್ಕ. ಇಪ್ಪತ್ತು ವರ್ಷದಿಂದ ಟ್ರಿಪ್ ಹ್ಯಾಟಿನೊಳಗೆ ಇಣುಕಿದಾಗಲೆಲ್ಲ ನಕ್ಕವನು ಅವನು, ಪಾಪ, ಇನ್ನೇನು ಮಾಡಿಯಾನು? ಅವನ ಹೆಂಡತಿ ನಕ್ಕಳು. ನಗು ಸಾಲಿನಿಂದ ಸಾಲಿಗೆ ದಾಟಿತು. ಪರದೆಯ ಮೇಲೆ ಮಾತಿಲ್ಲದ್ದರಿಂದ ಅದನ್ನು ತಡೆಯುವುದಕ್ಕೆ ಏನೂ ಇರಲಿಲ್ಲ. ಅಗಾಥಾ ಆಲೂಗಡ್ಡೆ ಎತ್ತಿಕೊಂಡಾಗ ಇನ್ನೂ ಜೋರಾಗಿ ನಕ್ಕರು. ಈಗ ಇವಳು ಅವನಿಗೆ ಎಸೆಯುತ್ತಾಳೆ ಎಂದುಕೊಂಡರು. ಟ್ರಿಪ್ ಷೂ ದಾರ ಬಿಚ್ಚಿದಾಗ ಯಾರೋ ಸಿಳ್ಳೆ ಹಾಕಿದರು.

ಆ ದಿನ ಸೆಟ್ಟಿನಲ್ಲಿ ಓರಿನ್ ಅದನ್ನು ನೋಡದೆ ಹೋದದ್ದು ಹೇಗೆ? ಇಣುಕುವ ಆ ವರಸೆಯನ್ನು ಅವನು ನೂರು ಸಲ ಕಂಡವನು. ಬೇರೆಯವರ ಚಿತ್ರವಾಗಿದ್ದರೆ ನಿದ್ದೆಗಣ್ಣಿನಲ್ಲೂ ಹಿಡಿಯುತ್ತಿದ್ದ. ಆದರೆ ಅಂದು ಅವನು ಟ್ರಿಪ್‌ನನ್ನು ನೋಡುತ್ತಲೇ ಇರಲಿಲ್ಲ, ಅಪ್ಪನನ್ನು ನೋಡುತ್ತಿದ್ದ.

ಮರುದಿನ ಬೆಳಗ್ಗೆ ಕ್ರೆಸ್ಲರ್ ಬೈಯಲಿಲ್ಲ. ಅದೇ ಕಷ್ಟವಾದದ್ದು.

"ಟೋಪಿ ತೆಗೆಯೋ ಜಾಗದಲ್ಲಿ ಹೆಂಡ್ತಿ ಮುಖ ಹಾಕು. ಜನ ಅವ್ನ ಇಣುಕೋದು ನೋಡೋದೇ ಬೇಡ. ಮುಖ ನೋಡ್ತಾರೆ, ಅಳ್ತಾರೆ, ಮುಗೀತು. ಇದನ್ನ ನನಗೆ ಕಲಿಸಿದೋನೇ ನೀನು."

"ಮುಖ ಇಲ್ಲ ಸರ್."

"ಇಲ್ಲ ಅಂದ್ರೆ?"

"ತೆಗೀಲಿಲ್ಲ."

ಕ್ರೆಸ್ಲರ್ ಕಿಟಕಿಯ ಕಡೆ ತಿರುಗಿ ಕೂತ. "ಬೇರೆಯವ್ರ ಸಿನಿಮಾಗೆಲ್ಲ ಮುಖ ಹುಡುಕಿ ಹುಡುಕಿ ಅಂಟಿಸ್ದೆ. ನಿನ್ನದಕ್ಕೆ ಒಂದು ಇಟ್ಕೊಳ್ಳಲಿಲ್ವೇನೋ?" ಎಂದ. ಆ ದನಿಯಲ್ಲಿ ಅಣಕವಿರಲಿಲ್ಲ.

ಅಗಾಥಾಳನ್ನು ಮತ್ತೆ ಕರೆಸಲು ನೋಡಿದರು. ಅವಳು ನಾಟಕದ ತಂಡದೊಂದಿಗೆ ಬಾಸ್ಟನ್ ಕಡೆ ಹೋಗಿದ್ದಳು. ಬೇಸಿಗೆಯವರೆಗೆ ಬರಲಾರೆ ಎಂದಳು. ಚಿತ್ರ ವಸಂತದಲ್ಲೇ ಥಿಯೇಟರುಗಳಿಗೆ ಹೋಗಬೇಕಿತ್ತು.

ವರ್ನಾ ಸಂಕಲನದ ಕೋಣೆಯಲ್ಲಿ ಆ ದೃಶ್ಯದ ತುಂಡುಗಳನ್ನೆಲ್ಲ ಹೊರಗೆಳೆದಳು. ಮೂರು ಸಲ ತೆಗೆದಿದ್ದರಲ್ಲಿ ಮೊದಲ ಎರಡು ಟೇಕುಗಳಲ್ಲಿ ಏನೂ ಸಿಗಲಿಲ್ಲ. ಮೂರನೆಯದರ ಕೊನೆಯನ್ನು ಯಂತ್ರಕ್ಕೆ ಹಾಕಿ, ಕೈಯಿಂದ ನಿಧಾನವಾಗಿ ತಿರುಗಿಸಿದಳು. ಟ್ರಿಪ್ ಷೂ ದಾರ ಬಿಚ್ಚುತ್ತಾನೆ. ದೃಶ್ಯ ಮುಗಿಯಿತೆಂದುಕೊಂಡ ಅಗಾಥಾ ಕ್ಯಾಮೆರಾದತ್ತ ಎರಡು ಹೆಜ್ಜೆ ಬರುತ್ತಾಳೆ. ಮುಖ ತಿರುಗುತ್ತದೆ. ಇನ್ನೂ ಪಾತ್ರದಿಂದ ಹೊರಗೆ ಬಂದಿರದ, ಏನೋ ಕೇಳಬೇಕೆಂದು ಕೇಳದೆ ಉಳಿದವಳ ಮುಖ. ಅದು ಪೂರ್ತಿ ತಿರುಗುವ ಮೊದಲೇ ಪರದೆಯ ಅಂಚಿನಿಂದ ಕಪ್ಪಗೆ ಒಂದು ಅಂಗೈ ಬರುತ್ತದೆ.

ವರ್ನಾ ಹಿಂದಕ್ಕೆ ತಿರುಗಿಸಿದಳು. ಮತ್ತೆ ಮುಂದಕ್ಕೆ. ಕೈ ಮತ್ತೆ ಬಂತು.

"ಒಂದ್ ಗಳಿಗೆ ಬಿಟ್ಟಿದ್ರೆ ಸಾಕಾಗಿತ್ತು" ಎಂದಳು ಮೆಲ್ಲಗೆ.

"ಗೊತ್ತು."

"ಯಾರದ್ದೋ ಕೈಯಾಗಿದ್ರೆ ಇಷ್ಟೊತ್ತಿಗೆ ನೀನು ಬೈದು ಮುಗಿಸ್ತಿದ್ದೆ."

"ಬೈಯೋಕೂ ಸುಸ್ತಾಗಿದೆ ವರ್ನಾ."

ಮಧ್ಯಾಹ್ನ ಕ್ರೆಸ್ಲರ್ ಮತ್ತೆ ಕರೆಸಿ ಹೇಳಿದ: "ನಿರ್ಮಾಪಕ ನೀನು. ನಿರ್ಧಾರ ನಿಂದೇ, ನಾನು ಬಾಯಿ ಹಾಕಲ್ಲ. ಇರ್ಲಿ ಅಂದ್ರೆ ಇರ್ಲಿ, ಜನ ನಗ್ತಾರೆ, ಟ್ರಿಪ್ ಮತ್ತೆ ಮುಖ ಎತ್ತಲ್ಲ. ಬೇಡ ಅಂದ್ರೆ ಅದನ್ನ ತೆಗೆದು, ಅವನನ್ನ ಬಾಗಿಲಲ್ಲಿ ನಿಲ್ಲಿಸಿ ಒಂದು ಮಾತು ಹೇಳಿಸು. ಒಂದು ಮಾತು ಸಾಕು. ಒಂದೇ ಕೇಳ್ತೀನಿ. ಇದು ಬೇರೆಯವನ ಸಿನಿಮಾ ಆಗಿದ್ರೆ ನೀನು ಏನ್ ಮಾಡ್ತಿದ್ದೆ?"

ಓರಿನ್ ಹ್ಯಾಟು ತೆಗೆದುಕೊಂಡು ಎದ್ದ.

"ಬೇರೆ ಯಾರಿಗಾದ್ರೂ ಹೇಳ್ಲಾ?" ಕ್ರೆಸ್ಲರ್ ಕೇಳಿದ. ಪದ್ಧತಿಯ ಪ್ರಕಾರ ಬೇರೆಯವರೇ ಮಾಡಬೇಕು.

"ಬೇಡ ಸರ್. ನಾನೇ ಮಾಡ್ತೀನಿ. ಈ ಕೆಲ್ಸ ನನಗೆ ಬರತ್ತೆ."

ಕ್ಯಾಂಟೀನಿನಲ್ಲಿ ಒಂದು ಲೋಟ ಹಾಲು ಕುಡಿಯುತ್ತ ಆ ಮಾತನ್ನು ಬರೆದ. "ಕೆಲ್ಸ ಹೋಯ್ತು ಕಣೇ." ಅದಕ್ಕಿಂತ ಹೆಚ್ಚೇನೂ ಹೊಳೆಯಲಿಲ್ಲ. ಕೆಡವಿದ ಸೆಟ್ಟಿನಿಂದ ಒಂದು ಬಾಗಿಲನ್ನೂ ಅದರ ಪಕ್ಕದ ಗೋಡೆಯನ್ನೂ ಎತ್ತಿ ನಿಲ್ಲಿಸಿದರು. ಟ್ರಿಪ್ ಬಿಲ್ಲೆಯಿಲ್ಲದ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದ. ಅವನಿಗೆ ಸುದ್ದಿ ಮುಟ್ಟಿತ್ತು.

"ಓರಿನ್, ನಾನು ಟೋಪಿ ಒಳಗೆ ನೋಡಿದ್ದು ಆಟಕ್ಕಲ್ಲ ಕಣಯ್ಯ. ಬಿಲ್ಲೆ ಹೋಯ್ತಲ್ಲ ಅಂತ ಸಂಕಟ ಆಯ್ತು. ಅದಕ್ಕೆ ನೋಡ್ದೆ."

"ಗೊತ್ತು ವೆಂಡೆಲ್."

"ಜೀವಮಾನದಲ್ಲಿ ಒಂದ್ಸಲ ನಿಜವಾಗಿ ನೋಡ್ದೆ. ಅದಕ್ಕೂ ನಕ್ಕುಬಿಟ್ರು."

ಓರಿನ್ ಅವನ ಕಾಲರನ್ನು ಸರಿಮಾಡಿದ. ಬಾಗಿಲಿನ ದೃಶ್ಯವನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಇನ್ನೂ ಹತ್ತಿರದಿಂದ ಒಮ್ಮೆ ತೆಗೆದ. ಪ್ರತಿ ಸಲವೂ ಕ್ಯಾಮೆರಾ ಸಾಕಷ್ಟು ಓಡಲಿ ಎಂದು ಕೈಕಟ್ಟಿ ನಿಂತ.

ಕತ್ತರಿಸುವ ದಿನ ಅವನೂ ವರ್ನಾಳ ಪಕ್ಕದಲ್ಲಿ ಕೂತ. ಯೂನಿಯನ್ ನಿಯಮದಂತೆ ನಿರ್ದೇಶಕರು ಫಿಲ್ಮನ್ನು ಮುಟ್ಟುವಂತಿಲ್ಲ. ಎಲ್ಲಿ ಕತ್ತರಿಸಬೇಕೆಂದು ಅವನು ಬೆರಳು ತೋರಿಸಿದ, ಅವಳು ಕತ್ತರಿಸಿದಳು. ಎಲ್ಲೂ ಗಾಯ ಕಾಣದಂತೆ ಕೂಡಿಕೊಂಡಿತು. ಅಡುಗೆಮನೆಯ ಸುರುಳಿ ಅವಳ ಕೈಯಲ್ಲಿ ಉಳಿಯಿತು. ಬೇಡದ ಫಿಲ್ಮನ್ನೆಲ್ಲ ಅದರ ಲೇಪದಲ್ಲಿನ ಬೆಳ್ಳಿ ತೆಗೆಯುವವರಿಗೆ ಕೊಟ್ಟುಬಿಡುತ್ತಿದ್ದರು.

"ಇದನ್ನ ನೀನು ಇಟ್ಕೋತೀಯಾ? ಯಾರೂ ಕೇಳಲ್ಲ."

"ಎಲ್ಲಿಟ್ಕೊಳ್ಳಲಿ? ಫಿಲ್ಮ್ ಅಂದ್ರೆ ಬೆಂಕಿ ಹತ್ತೋ ಸಾಮಾನು" ಎಂದ ಓರಿನ್.

ಚಿತ್ರ ಬಂತು, ಹೋಯಿತು. ಎರಡು ಸಲ ಹೆಸರು ಬದಲಾಯಿಸಿ ಸ್ಟುಡಿಯೋ ಕೊನೆಗೆ ಇಟ್ಟ ಹೆಸರು ಓರಿನ್ನನಿಗೇ ನೆನಪಿರುತ್ತಿರಲಿಲ್ಲ, 'ಟ್ರಾಮ್ ಚಿತ್ರ' ಎನ್ನುತ್ತಿದ್ದ. ವಿಮರ್ಶೆ ಬರೆದ ಒಬ್ಬರು ಅಚ್ಚುಕಟ್ಟಾಗಿದೆ, ಎಲ್ಲೂ ಎಳೆಯುವುದಿಲ್ಲ ಎಂದು ಹೊಗಳಿದರು. ಮುಂದೆ ಕ್ರೆಸ್ಲರ್ ಕರೆದು, "ಇನ್ನೊಂದು ನಿಂದೇ ಮಾಡು" ಎಂದಾಗ ಓರಿನ್, "ಬೇಡ ಸರ್. ಯಾರದ್ದಾದ್ರೂ ಕೆಟ್ಟಿದ್ರೆ ಕೊಡಿ" ಎಂದನಂತೆ. ಟೆಲಿವಿಷನ್ ಬಂದ ಮೇಲೆ ಸ್ಟುಡಿಯೋದಲ್ಲಿ ಕೆಲಸ ಕಡಿಮೆಯಾಯಿತು. ಅವನು ಅಲ್ಲಿಗೂ ಹೋಗಿ ಬೇರೆಯವರ ಕಂತುಗಳನ್ನು ತಿದ್ದಿದ. ಹೊಟ್ಟೆಯ ಹುಣ್ಣು ದೊಡ್ಡದಾಯಿತು. ಆಸ್ಪತ್ರೆಯಲ್ಲಿ ಅವನನ್ನು ನೋಡಲು ಬರುತ್ತಿದ್ದವರು ಇಬ್ಬರೋ ಮೂವರೋ. ಅಮ್ಮನ ಫೋನಿನ ಸಂಗತಿಯನ್ನು ಅಷ್ಟು ವರ್ಷ ಯಾರಿಗೂ ಹೇಳದಿದ್ದವನು ಅಲ್ಲಿ ವರ್ನಾಳಿಗೆ ಹೇಳಿದ. ಬಿಟ್ಟು ಬಿಟ್ಟು, ಸುಧಾರಿಸಿಕೊಂಡು ಹೇಳಿದ.

ಟ್ರಾಮ್ ಚಿತ್ರ ಟೊಲೀಡೊಗೆ ಬಂದ ವಾರ ಅವನಿಗೆ ಊಟ ಸೇರಲಿಲ್ಲ. ಅಡುಗೆಮನೆ ಇಲ್ಲವೆಂದು ಮೊದಲೇ ಹೇಳಿಬಿಡಬೇಕೆಂದು ಎರಡು ಸಲ ಫೋನಿನ ತನಕ ಹೋಗಿ ವಾಪಸು ಬಂದ. ಭಾನುವಾರ ಮಧ್ಯಾಹ್ನ ಅಮ್ಮನೇ ಮಾಡಿದಳು. ದೂರದ ಕರೆ ಎಂದರೆ ಹುಲ್ಡಾ ಯಾವಾಗಲೂ ಕೂಗಿ ಮಾತಾಡುವವಳು. ಅಂದು ಕೂಗಲಿಲ್ಲ.

"ನೋಡ್ದೆ ಕಣೋ. ಪಕ್ಕದ ಮನೆ ಮಿಸೆಸ್ ಹೋಬನ್‌ನೂ ಕರ್ಕೊಂಡು ಹೋಗಿದ್ದೆ. ನಿನ್ನ ಹೆಸ್ರು ಮೂರು ಸಲ ಬಂತು."

"ಹೂಂ ಅಮ್ಮಾ."

"ಅಡುಗೆಮನೆ ಬರತ್ತೆ ಅಂದಿದ್ದೆ?"

"ಇತ್ತು. ತೆಗೆದ್ವಿ."

"ಹೋಗ್ಲಿ ಬಿಡು, ಅಡುಗೆಮನೆ ನೋಡೋಕೆ ಸಿನಿಮಾಗೆ ಯಾಕೆ ಹೋಗ್ಬೇಕು?" ಎಂದಳು. ಮತ್ತೆ ಕೇಳಿದಳು: "ಆ ಮನುಷ್ಯ ಬಾಗ್ಲಲ್ಲಿ ನಿಂತು ಕೆಲ್ಸ ಹೋಯ್ತು ಕಣೇ ಅಂದನಲ್ಲ, ಅದು ಯಾರು ಬರ್ದಿದ್ದು?"

ಓರಿನ್ ಗೋಡೆಗೆ ಒರಗಿಕೊಂಡ. "ನಾನೇ."

"ನಿಮ್ಮಪ್ಪ ಹೇಳ್ಲೇ ಇಲ್ಲ ಗೊತ್ತಾ. ಸಾಯೋ ತನಕ ಹೇಳ್ಲಿಲ್ಲ. ಬೆಳಗ್ಗೆ ಎದ್ದು ಊಟದ ಡಬ್ಬಿ ತಗೊಂಡು ಹೋಗೋರು, ನಾನೂ ಏನೂ ಗೊತ್ತಿಲ್ದೋಳ ಥರ ಕಟ್ಟಿ ಕೊಡೋಳು. ಅದೆಷ್ಟು ದಿನ ಹಂಗೇ ಮಾಡಿದ್ವೋ. ಒಂದು ಮಾತು ಅಂದಿದ್ರೆ ನಾನೂ ಒಂದು ಮಾತು ಅಂತಿದ್ದೆ." ಅವಳ ದನಿಯಲ್ಲಿ ನಗು ಬೆರೆಯಿತು. "ಮೊನ್ನೆ ಥಿಯೇಟರಲ್ಲಿ ಆ ಮನುಷ್ಯ ಹಂಗಂದಾಗ, ನಾನು ಗಟ್ಟಿಯಾಗೇ 'ಹೋದ್ರೆ ಹೋಗ್ಲಿ, ಒಳಗೆ ಬನ್ನಿ' ಅಂದ್ಬಿಟ್ಟೆ ಕಣೋ. ಮಿಸೆಸ್ ಹೋಬನ್ 'ಏನಂದ್ರಿ, ಏನಂದ್ರಿ' ಅಂತಾಳೆ. ನಾಚಿಕೆಯಾಗೋಯ್ತು. ಚೆನ್ನಾಗಿ ಬರ್ದಿದೀಯಪ್ಪಾ."

ಆ ಮಾತನ್ನು ಹಾಲು ಕುಡಿಯುತ್ತ ಒಂದು ಗಳಿಗೆಯಲ್ಲಿ ಗೀಚಿದ್ದೆಂದು ಅವಳಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಆ ಮಾತೇ ಸುಳ್ಳೆಂದು ಅವನಿಗೆ ಗೊತ್ತಿತ್ತು. ಅಪ್ಪ ಹಾಗೆ ಹೇಳುವವನಲ್ಲ. ಆದರೆ ಅಮ್ಮ ಉತ್ತರ ಕೊಟ್ಟಾಗಿತ್ತು. ಸಂತೋಷಪಡಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ ನಿಂತ. ಟೆಲಿಫೋನ್ ಎಕ್ಸ್‌ಚೇಂಜಿನ ಹೆಂಗಸು ನಡುವೆ ಬಂದು, ಹೊತ್ತು ಮುಗಿಯಿತು, ಮುಂದುವರಿಸಬೇಕೇ ಎಂದು ಕೇಳಿದಳು.

"ಸಾಕಮ್ಮ, ಇಡ್ತೀನಿ" ಎಂದಳು ಹುಲ್ಡಾ.

"ಬೇಡ, ಇರ್ಲಿ. ದುಡ್ಡು ಈ ಕಡೆ ಹಾಕಿ, ನಾನು ಕೊಡ್ತೀನಿ" ಎಂದ ಓರಿನ್. "ಅಮ್ಮಾ, ಅವತ್ತು ಅಪ್ಪ ಟೋಪಿ ಮೇಜಿನ ಮೇಲಿಟ್ಟು ಷೂ ಬಿಚ್ಚಿದ್ರಲ್ಲ..."

"ನೀನು ನೋಡಿದ್ಯಾ?"

"ನೋಡ್ದೆ. ಆಮೇಲೆ ನಾನು ಆಚೆ ಹೋಗ್ಬಿಟ್ಟೆ. ಆಮೇಲೆ ಏನ್ ಮಾಡಿದ್ರಿ ನೀವಿಬ್ರೂ?"

ಅಷ್ಟು ವರ್ಷ ಆ ದೃಶ್ಯವನ್ನು ಹೊತ್ತುಕೊಂಡು ತಿರುಗಿದ್ದವನಿಗೆ, ಅದರ ಮುಂದೆ ಏನಾಯಿತೆಂದು ಕೇಳಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಹುಲ್ಡಾ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಓರಿನ್ನೂ ಫೋನ್ ಹಿಡಿದುಕೊಂಡೇ ನೆಲದ ಮೇಲೆ ಕೂತ.